ರಾಕೆಟ್ 88ರ ಜಾಡಿನಲ್ಲಿ ಒಂದು ದಿನ

ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಯೂನಿಯನ್ ಅವೆನ್ಯೂ ಎಂಬ ಅಗಲವಾದ ರಸ್ತೆಯಿದೆ. ಅದರ 706ನೇ ನಂಬರಿನ ಚಿಕ್ಕ ಕಟ್ಟಡವನ್ನು ನೋಡಲು ಬರುವವರಲ್ಲಿ ಬಹುಪಾಲು ಜನ ಎಲ್ವಿಸ್ ಪ್ರೀಸ್ಲಿಯ ಅಭಿಮಾನಿಗಳು. 1954ರ ಜುಲೈ ತಿಂಗಳಲ್ಲಿ ಆತನ ವೃತ್ತಿಜೀವನದ ಮೊದಲ ಹಾಡು ಮುದ್ರಣಗೊಂಡದ್ದು ಅಲ್ಲಿಯೇ ಆದ್ದರಿಂದ ಅದು ಸಹಜ. ಮೆಂಫಿಸ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದ ನಾನು ಅಕ್ಟೋಬರಿನ ಒಂದು ಶನಿವಾರ ಆ ಕಟ್ಟಡದ ಬಾಗಿಲಿಗೆ ಹೋಗಿ ನಿಂತದ್ದು ಮಾತ್ರ ಅದಕ್ಕಿಂತ ಮೂರು ವರ್ಷ ಮೊದಲು, 1951ರ ಮಾರ್ಚ್ ಮೊದಲ ವಾರದಲ್ಲಿ, ಅದೇ ಕೋಣೆಯಲ್ಲಿ ಮುದ್ರಣಗೊಂಡ ಇನ್ನೊಂದು ಹಾಡಿನ ಸಲುವಾಗಿ. ಹಾಡಿನ ಹೆಸರು ‘ರಾಕೆಟ್ 88’. ರಾಕ್ ಅಂಡ್ ರೋಲ್ ಸಂಗೀತದ ಮೊದಲ ಹಾಡು ಯಾವುದು ಎಂಬ ಚರ್ಚೆ ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಆದರೆ ನನ್ನನ್ನು ಅಷ್ಟು ದೂರ ಎಳೆದು ತಂದದ್ದು ಆ ಚರ್ಚೆಯಲ್ಲ, ಆ ಹಾಡಿನೊಳಗೆ ಗಿಟಾರ್ ಹೊರಡಿಸುವ ಒಂದು ಒರಟು ಸದ್ದು ಮತ್ತು ಆ ಸದ್ದಿನ ಹಿಂದಿರುವ ಒಂದು ಹರಿದ ಸ್ಪೀಕರ್.

ನಮ್ಮ ತಂದೆ ಸಾಗರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆಮನೆ, ಗಣಪತಿ ಚಪ್ಪರ, ಯಕ್ಷಗಾನ, ಚುನಾವಣೆಯ ಭಾಷಣ ಎಂದು ಊರೂರು ಸುತ್ತಿ ಬರುತ್ತಿದ್ದ ಸ್ಪೀಕರ್ ಪೆಟ್ಟಿಗೆಗಳು ಮಳೆಗಾಲದಲ್ಲಿ ನೆನೆದು, ಎತ್ತಿಳಿಸುವಾಗ ಪೆಟ್ಟು ತಿಂದು, ಕೋನ್ ಹರಿದುಕೊಂಡು ವಾಪಸಾಗುವುದು ಸಾಮಾನ್ಯವಾಗಿತ್ತು. ಸ್ಪೀಕರಿನ ಕೋನ್ ಎಂದರೆ ದಪ್ಪ ಕಾಗದದ ಬುಟ್ಟಿಯಂಥ ಭಾಗವೇ ಹೊರತು ಬೇರೇನಲ್ಲ. ಹರಿದ ಅಂಚುಗಳನ್ನು ಕೂಡಿಸಿ, ತೆಳ್ಳಗಿನ ಕಾಗದದ ಪಟ್ಟಿಗೆ ಗೋಂದು ಸವರಿ ಹಿಂಬದಿಯಿಂದ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಎರಡೂ ಕೈಗಳ ಬೆರಳ ತುದಿಯಿಂದ ಕೋನನ್ನು ಮೆಲ್ಲನೆ ಒಳಕ್ಕೆ ಒತ್ತಿ, ಒಳಗಿನ ಕಾಯಿಲ್ ಎಲ್ಲಿಯಾದರೂ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆಯೇ ಎಂದು ಅಪ್ಪ ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ಒಂದು ದೇವರನಾಮದ ಕ್ಯಾಸೆಟ್ ಹಾಕಿ, ಗಾಯಕರ ದನಿಯಲ್ಲಿ ಕರಕರ ಎನ್ನುವ ಶಬ್ದ ಒಂದಿಷ್ಟಾದರೂ ಉಳಿದಿದ್ದರೆ ಪಟ್ಟಿಯನ್ನು ಕಿತ್ತು ಮತ್ತೆ ಅಂಟಿಸುತ್ತಿದ್ದರು. ರಿಪೇರಿಯಾಗಿದೆ ಎನ್ನುವುದು ಕೇಳುವವರಿಗೆ ತಿಳಿಯಲೇಬಾರದು ಎನ್ನುವುದು ಅವರ ನಿಯಮ. ನಾನೂ ಅದೇ ಕಸುಬಿನಲ್ಲಿ ಬೆಳೆದು ಆಂಪ್ಲಿಫೈಯರ್ ದುರಸ್ತಿಯಲ್ಲೇ ಜೀವನ ಕಳೆದವನು. ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಬಗ್ಗೆ ಓದುತ್ತಿದ್ದಾಗಲೇ ‘ರಾಕೆಟ್ 88’ರ ಕಥೆ ನನ್ನ ಕಣ್ಣಿಗೆ ಬಿದ್ದದ್ದು. ಹರಿದ ಕೋನಿಗೆ ಕಾಗದ ತುರುಕಿ ಅದರ ಕರಕರ ಸದ್ದನ್ನು ಮುಚ್ಚಿಡದೆ, ಬೇಕೆಂದೇ ಮುಂದೆ ತಂದು ಮುದ್ರಿಸಿದ ಒಬ್ಬ ಮನುಷ್ಯನಿದ್ದ ಎಂದು ಓದಿದಾಗ ನನಗೆ ಆದ ಆಶ್ಚರ್ಯ ದೊಡ್ಡದು.

ಆ ಮನುಷ್ಯ ಸ್ಯಾಮ್ ಫಿಲಿಪ್ಸ್. ಅಲಬಾಮಾ ರಾಜ್ಯದ ಫ್ಲಾರೆನ್ಸ್ ಕಡೆಯವನು, ಮೆಂಫಿಸ್‌ನ ಒಂದು ರೇಡಿಯೊ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದವನು. 1950ರ ಜನವರಿಯಲ್ಲಿ ಆತ ಈ 706ನೇ ನಂಬರಿನ ಕಟ್ಟಡದಲ್ಲಿ ‘ಮೆಂಫಿಸ್ ರೆಕಾರ್ಡಿಂಗ್ ಸರ್ವಿಸ್’ ಎಂಬ ಅಂಗಡಿ ತೆರೆದ. ಏನನ್ನು ಬೇಕಾದರೂ, ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಮುದ್ರಿಸಿಕೊಡುತ್ತೇವೆ ಎನ್ನುವುದು ಅದರ ಜಾಹೀರಾತಿನ ಒಕ್ಕಣೆ. ಮದುವೆಗಳಿಗೆ, ಶವಸಂಸ್ಕಾರಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ ಧ್ವನಿಮುದ್ರಣ ಮಾಡಿಕೊಟ್ಟು ಆತ ಬಾಡಿಗೆ ಕಟ್ಟುತ್ತಿದ್ದ. ಆದರೆ ಆತನ ಮನಸ್ಸಿದ್ದದ್ದು ಮಿಸಿಸಿಪಿ ನದಿಯ ಬಯಲಿನ ಹತ್ತಿ ಹೊಲಗಳಿಂದ ಬರುತ್ತಿದ್ದ ಕಪ್ಪು ಸಂಗೀತಗಾರರ ಮೇಲೆ. ವರ್ಣಭೇದ ಕಾನೂನಾಗಿದ್ದ ಆ ದಿನಗಳಲ್ಲಿ ದಕ್ಷಿಣದ ನಗರವೊಂದರಲ್ಲಿ ಅವರಿಗೆ ಗೌರವದಿಂದ ಬಾಗಿಲು ತೆರೆಯುವ ಸ್ಟುಡಿಯೊ ಬಹಳ ಅಪರೂಪ. ಬಿ. ಬಿ. ಕಿಂಗ್ ಅಲ್ಲಿ ಹಾಡಿದ್ದ, ಹೌಲಿನ್ ವುಲ್ಫ್ ಅಲ್ಲಿಯೇ ಮೊದಲು ಮುದ್ರಿಸಿದ. ಕ್ಲಾರ್ಕ್ಸ್‌ಡೇಲ್ ಎಂಬ ಪಟ್ಟಣದ ಐಕ್ ಟರ್ನರ್ ಎನ್ನುವ ಹತ್ತೊಂಬತ್ತರ ಹುಡುಗನ ವಾದ್ಯವೃಂದಕ್ಕೆ ಈ ಸ್ಟುಡಿಯೊದ ದಾರಿ ತೋರಿಸಿದವನೂ ಬಿ. ಬಿ. ಕಿಂಗ್.

ಪಕ್ಕದ ಹಳೆಯ ಹೋಟೆಲಿನ ಜಾಗದಿಂದ ಒಳಹೋಗಿ, ಮಹಡಿಯ ಮೇಲಿನ ಸಂಗ್ರಹಾಲಯವನ್ನು ನೋಡಿದ ಮೇಲೆ ಸ್ಟುಡಿಯೊ ಕೋಣೆಗೆ ಇಳಿಸುತ್ತಾರೆ. ಕೋಣೆ ನಮ್ಮ ಕಡೆಯ ಒಂದು ದೊಡ್ಡ ಪಡಸಾಲೆಯಷ್ಟು ಇರಬಹುದು. ಗೋಡೆಗೂ ಮಾಳಿಗೆಗೂ ರಂಧ್ರಗಳುಳ್ಳ ಬಿಳಿ ಹಲಗೆಗಳನ್ನು ಬಡಿದಿದ್ದಾರೆ. ಮಾಳಿಗೆ ಸಮತಟ್ಟಾಗಿಲ್ಲ, ಅಲೆಯಂತೆ ಏರಿಳಿಯುತ್ತದೆ. ಸದ್ದು ಎದುರುಬದುರಿನ ಸಮತಲಗಳ ನಡುವೆ ಪುಟಿಯುತ್ತ ಗುಂಯ್‌ಗುಡಬಾರದೆಂದು ಫಿಲಿಪ್ಸ್ ತಾನೇ ಯೋಚಿಸಿ ಮಾಡಿಸಿದ್ದು ಅದು. ಗೈಡ್ ಆಗಿದ್ದ ತರುಣ ಇತರರನ್ನು ಎಲ್ವಿಸ್‌ನ ಚಿತ್ರದ ಕಡೆಗೆ ಕರೆದುಕೊಂಡು ಹೋದಾಗ ನಾನು ಮೂಲೆಗೆ ಸರಿದು ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿದೆ. ಸದ್ದು ಹತ್ತಿ ತುಂಬಿದ ಕೋಣೆಯಲ್ಲಿ ಸಾಯುವಂತೆ ಸಾಯಲಿಲ್ಲ, ಮಾರ್ದನಿಯಾಗಿಯೂ ಮರಳಲಿಲ್ಲ. ಚಿಕ್ಕದೊಂದು ಬಾಲ ಉಳಿಸಿಕೊಂಡು ನಿಂತಿತು. ಇಂಥ ಕೋಣೆಯಲ್ಲಿ ಐದಾರು ಜನ ಒಟ್ಟಿಗೆ ನುಡಿಸಿದರೆ ಒಬ್ಬರ ವಾದ್ಯ ಇನ್ನೊಬ್ಬರ ಮೈಕಿಗೆ ನುಗ್ಗುವುದನ್ನು ತಡೆಯಲಾಗದು, ಆ ನುಗ್ಗುವಿಕೆಯೇ ಹಾಡಿಗೆ ಮೈ ತುಂಬಿಸುತ್ತದೆ. ಅಂದಿನ ಮುದ್ರಣ ಒಂದೇ ಟ್ರ್ಯಾಕಿನದು. ಎಲ್ಲರೂ ಒಟ್ಟಿಗೆ ನುಡಿಸಬೇಕು, ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಯಾವ ವಾದ್ಯ ಎಷ್ಟು ಜೋರಾಗಿ ಕೇಳಬೇಕೆನ್ನುವುದು ಆ ಕ್ಷಣದಲ್ಲೇ, ಮೈಕನ್ನು ಎಲ್ಲಿಡುತ್ತೀರಿ ಮತ್ತು ಗುಬುಟನ್ನು ಎಷ್ಟು ತಿರುಗಿಸುತ್ತೀರಿ ಎಂಬುದರಲ್ಲೇ ತೀರ್ಮಾನವಾಗಬೇಕು. ಆಮೇಲೆ ತಿದ್ದುವುದು ಎಂಬುದಿಲ್ಲ.

ಗೈಡ್ ಹಾಡಿನ ಆರಂಭದ ಭಾಗವನ್ನು ಕೋಣೆಯ ಸ್ಪೀಕರಿನಲ್ಲಿ ಹಾಕಿದ. ಮೊದಲು ಐಕ್ ಟರ್ನರ್‌ನ ಪಿಯಾನೊ ನಾಲ್ಕು ಹೆಜ್ಜೆ ಓಡಿ ಬರುತ್ತದೆ. ಅದರ ಬೆನ್ನಿಗೇ ಗಿಟಾರ್, ಡ್ರಮ್ಸ್, ಸ್ಯಾಕ್ಸೊಫೋನ್ ಒಟ್ಟಿಗೆ ಹೊಕ್ಕು, ಜಾಕಿ ಬ್ರೆನ್‌ಸ್ಟನ್ ಎಂಬಾತನ ಹಗುರವಾದ, ಲವಲವಿಕೆಯ ದನಿ ತನ್ನ ಹೊಸ ಕಾರಿನ ಗುಣಗಾನ ಶುರುಮಾಡುತ್ತದೆ. ಹಾಡಿನ ವಸ್ತು ಅಷ್ಟೇ. ಓಲ್ಡ್ಸ್‌ಮೊಬೈಲ್ ಕಂಪನಿ 1949ರಲ್ಲಿ ‘ರಾಕೆಟ್’ ಎಂಬ ಹೊಸ ವಿ-8 ಎಂಜಿನನ್ನು ತನ್ನ ಹಗುರ ಮೈಯ ‘88’ ಕಾರಿಗೆ ಕೂಡಿಸಿ ಮಾರುಕಟ್ಟೆಗೆ ತಂದಿತ್ತು. 135 ಅಶ್ವಶಕ್ತಿಯ ಆ ಕಾರು ಅಂದಿನ ಅಮೆರಿಕದ ರಸ್ತೆಗಳಲ್ಲಿ ಎಲ್ಲರ ಕಣ್ಣು ಸೆಳೆದ ವಾಹನ. ಆ ಕಾರಿನಲ್ಲಿ ಸುತ್ತಾಡಲು ಬನ್ನಿ ಎಂದು ಹಾಡುಗಾರ ಹೆಣ್ಣುಗಳನ್ನು ಕರೆಯುತ್ತಾನೆ. ರಾಗದ ಅಚ್ಚು ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಜಿಮ್ಮಿ ಲಿಗಿನ್ಸ್ ಹಾಡಿದ್ದ ‘ಕ್ಯಾಡಿಲ್ಯಾಕ್ ಬೂಗಿ’ಯಿಂದ ಅದನ್ನು ತೆಗೆದುಕೊಂಡದ್ದು ಎಂದು ಬ್ರೆನ್‌ಸ್ಟನ್ನೇ ಒಪ್ಪಿಕೊಂಡಿದ್ದ. ಕಾರು, ವೇಗ, ಹರೆಯ, ಹುಡುಗಿ ಎಂಬ ಈ ಸಾಮಗ್ರಿ ಮುಂದಿನ ಹತ್ತು ವರ್ಷಗಳ ಕಾಲ ರಾಕ್ ಅಂಡ್ ರೋಲ್ ಹಾಡುಗಳ ಖಾಯಂ ಸರಕಾಯಿತು.

ಆದರೆ ನನ್ನ ಕಿವಿಯಿದ್ದದ್ದು ಗಿಟಾರಿನ ಮೇಲೆ. ಮನೆಯಲ್ಲಿ ಹೆಡ್‌ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದ ಆ ಸದ್ದು ಆ ಕೋಣೆಯಲ್ಲಿ ಬೇರೆಯಾಗಿಯೇ ಕೇಳಿಸಿತು. ಗಿಟಾರ್ ಇಲ್ಲಿ ಮೇಲಿನ ಸ್ಥಾಯಿಯಲ್ಲಿ ಮೆರೆಯುವುದಿಲ್ಲ. ಪಿಯಾನೊ ವಾದಕನ ಎಡಗೈ ಮಾಡುವ ಕೆಲಸವನ್ನು, ಅಂದರೆ ಬೂಗಿ ಲಯದ ಏರಿಳಿಯುವ ಮಂದ್ರದ ಸಾಲನ್ನು, ಹಾಡಿನ ಉದ್ದಕ್ಕೂ ಎಡೆಬಿಡದೆ ನುಡಿಸುತ್ತದೆ. ಪ್ರತಿ ಸ್ವರವೂ ಗಂಟಲು ಕಟ್ಟಿದ ಗಂಡಸು ಗುನುಗುವಂತೆ ಹರಕಾಗಿ, ದಪ್ಪಗೆ ಬರುತ್ತದೆ. ತಿಳಿಯದವರು ಅದನ್ನು ಇನ್ನೊಂದು ಸ್ಯಾಕ್ಸೊಫೋನ್ ಎಂದೇ ಭಾವಿಸಬಹುದು, ಫಿಲಿಪ್ಸ್‌ಗೂ ಅದು ಸ್ಯಾಕ್ಸೊಫೋನಿನಂತೆಯೇ ಕೇಳಿಸಿತ್ತು. ಇದಕ್ಕೆ ಕಾರಣ ನಮ್ಮ ಕಸುಬಿನವರಿಗೆ ಗೊತ್ತಿರುವಂಥದ್ದೇ. ಸರಿಯಾಗಿರುವ ಕೋನ್ ತಂತಿಯ ಕಂಪನವನ್ನು ಹಾಗೆಯೇ ಗಾಳಿಗೆ ಒಪ್ಪಿಸುತ್ತದೆ. ಹರಿದ ಕೋನಿನ ಅಂಚುಗಳು ಒಂದಕ್ಕೊಂದು ಬಡಿಯುತ್ತವೆ, ತುರುಕಿದ ಕಾಗದ ಅದಕ್ಕೆ ಒತ್ತಿ ನಿಂತು ತಾನೂ ನಡುಗುತ್ತದೆ, ಹಾಗಾಗಿ ಮೂಲ ಸ್ವರದ ಮೇಲೆ ಅದರಲ್ಲಿಲ್ಲದ ಅನೇಕ ಹಾರ್ಮೋನಿಕ್ಸ್, ಅಂದರೆ ಜೊತೆಗೇ ಏಳುವ ಮೇಲಿನ ಸ್ವರಗಳು, ಬಂದು ಕೂರುತ್ತವೆ. ಸ್ಯಾಕ್ಸೊಫೋನಿನ ರೀಡ್ ಬಡಿದುಕೊಳ್ಳುವಾಗಲೂ ಮೂಲ ಸ್ವರದ ಮೇಲೆ ಇಂಥದೇ ಹಾರ್ಮೋನಿಕ್ಸ್ ರಾಶಿ ಏಳುವುದರಿಂದ ಈ ಎರಡು ಸದ್ದುಗಳು ನೆಂಟರಂತೆ ಕೇಳುತ್ತವೆ.

ಸ್ಪೀಕರ್ ಹರಿದದ್ದು ಹೇಗೆ ಎಂಬ ಬಗ್ಗೆ ಅಂದು ಅಲ್ಲಿದ್ದವರೇ ಬೇರೆ ಬೇರೆ ಕಥೆ ಹೇಳಿದ್ದಾರೆ. ಕ್ಲಾರ್ಕ್ಸ್‌ಡೇಲಿನಿಂದ ಬರುವ ದಾರಿಯಲ್ಲಿ ಆಂಪ್ಲಿಫೈಯರ್ ಕಾರಿನ ಮೇಲಿಂದ ಬಿದ್ದು ಕೋನ್ ಸಿಡಿಯಿತು ಎನ್ನುವುದು ಫಿಲಿಪ್ಸ್‌ನ ನೆನಪು. ಮಳೆಯ ನೀರು ಡಿಕ್ಕಿಯೊಳಗೆ ಇಳಿದು ಆಂಪ್ಲಿಫೈಯರ್ ನೆನೆಯಿತು ಎನ್ನುವುದು ಐಕ್ ಟರ್ನರ್‌ನ ನೆನಪು. ಬಿದ್ದು ಹರಿದ ಕೋನಿಗೂ ನೆನೆದು ಮೆತ್ತಗಾದ ಕೋನಿಗೂ ಸದ್ದಿನಲ್ಲಿ ವ್ಯತ್ಯಾಸವಿದೆ. ನೆನೆದದ್ದು ಮಂಕಾಗಿ ಉಸಿರುಬಿಡುತ್ತದೆ, ಹರಿದದ್ದು ಕರಕರ ಎನ್ನುತ್ತದೆ. ಈ ಹಾಡಿನಲ್ಲಿ ಕೇಳುವುದು ಎರಡನೆಯದು ಎಂದು ನನ್ನ ಕಿವಿ ಹೇಳುತ್ತದೆ, ಆದ್ದರಿಂದ ಎರಡೂ ನಡೆದಿದ್ದರೂ ಪೆಟ್ಟಂತೂ ಬಿದ್ದಿರಲೇಬೇಕು. ಬೇರೆ ಆಂಪ್ಲಿಫೈಯರನ್ನು ಹುಡುಕಿ ತರುವ ಬದಲು ಫಿಲಿಪ್ಸ್ ದಿನಪತ್ರಿಕೆಯನ್ನೂ ಪೊಟ್ಟಣದ ಕಾಗದವನ್ನೂ ಉಂಡೆಮಾಡಿ ಕೋನಿನ ಹರಕಿಗೆ ತುರುಕಿದ. ಇಲ್ಲಿಯವರೆಗಿನದು ಯಾವ ಊರಿನ ಮೈಕ್‌ಸೆಟ್ಟಿನವನಾದರೂ ಮಾಡುವ ಕೆಲಸ. ಅದಾದ ಮೇಲೆ ಆ ಗಿಟಾರನ್ನು ಉಳಿದ ವಾದ್ಯಗಳ ಹಿಂದೆ ಅಡಗಿಸದೆ, ಎಲ್ಲಕ್ಕಿಂತ ಮುಂದೆ ತಂದು ನಿಲ್ಲಿಸಿದನಲ್ಲ, ಅದು ಮಾತ್ರ ಆತನೊಬ್ಬನಿಗೇ ಹೊಳೆದದ್ದು. ನನ್ನ ತಂದೆ ಇಡೀ ಜೀವನ ಅಳಿಸಿಹಾಕಲು ಶ್ರಮಪಟ್ಟ ಸದ್ದನ್ನು ಇನ್ನೊಬ್ಬ ಕಸುಬುದಾರ ಕೇಳಿ, ಇದರಲ್ಲಿ ಜೀವವಿದೆ ಎಂದು ಗುರುತಿಸಿದ ಜಾಗದಲ್ಲಿ ನಿಂತಿದ್ದೇನೆ ಎನ್ನುವುದು ನನಗೆ ಬಹಳ ದೊಡ್ಡ ಸಂಗತಿಯಾಗಿತ್ತು.

ಸ್ಟುಡಿಯೊದಿಂದ ಹೊರಬಂದ ಮೇಲೆ ಮಗಳು, “ಅಪ್ಪಾ, ಆ ಗಿಟಾರ್ ನುಡಿಸಿದ್ದು ಯಾರು? ಗೈಡ್ ಹೆಸರೇ ಹೇಳಲಿಲ್ಲವಲ್ಲ,” ಎಂದು ಕೇಳಿದಳು. ಆತನ ಹೆಸರು ವಿಲ್ಲಿ ಕೈಜಾರ್ಟ್. ಡೆಲ್ಟಾ ಎಂದು ಕರೆಯುವ ಆ ಮಿಸಿಸಿಪಿ ಬಯಲು ಸೀಮೆಯ ಲೀ ಕೈಜಾರ್ಟ್ ಎಂಬ ಪಿಯಾನೊ ವಾದಕನ ಮಗ, ಅರ್ಲ್ ಹೂಕರ್ ಎಂಬ ಗಿಟಾರ್ ವಾದಕನಲ್ಲಿ ಪಾಠವಾದವನು. ತಂದೆ ಪಿಯಾನೊ ವಾದಕನಾಗಿದ್ದ ಮನೆಯಲ್ಲಿ ಬೆಳೆದವನಿಗೆ ಪಿಯಾನೊದ ಎಡಗೈ ಸಾಲನ್ನು ಗಿಟಾರಿಗೆ ತರುವುದು ಸಹಜವಾಗಿಯೇ ಬಂದಿರಬೇಕು. ಮಗಳಿಗೆ ಇಷ್ಟನ್ನು ಹೇಳುವಷ್ಟರಲ್ಲಿ ನಾವು ಕಾರು ಹತ್ತಿ ಹೈವೇ 61ರಲ್ಲಿ ದಕ್ಷಿಣಕ್ಕೆ ಹೊರಟಿದ್ದೆವು. ಅಂದು ಆ ಹುಡುಗರು ಬಂದ ದಾರಿಯಲ್ಲಿ ಹಿಮ್ಮುಖವಾಗಿ ಕ್ಲಾರ್ಕ್ಸ್‌ಡೇಲಿಗೆ ಹೋಗಬೇಕೆನ್ನುವುದು ನನ್ನ ಆಸೆಯಾಗಿತ್ತು.

ದಾರಿ ಸುಮಾರು 120 ಕಿಲೋಮೀಟರ್. ಮೆಂಫಿಸ್ ದಾಟುತ್ತಲೇ ಮಿಸಿಸಿಪಿ ರಾಜ್ಯ ಶುರುವಾಗುತ್ತದೆ, ಸ್ವಲ್ಪ ದೂರ ಹೋದರೆ ಗುಡ್ಡವೆನ್ನುವುದೇ ಕಾಣದ ಬಯಲು. ಹತ್ತಿ ಕೀಳುವ ಕಾಲವಾದ್ದರಿಂದ ಯಂತ್ರಗಳು ಸುತ್ತಿಟ್ಟ ಹತ್ತಿಯ ಭಾರಿ ಉರುಳೆಗಳು ಪ್ಲಾಸ್ಟಿಕ್ ಹೊದಿಕೆ ಹೊದ್ದು ಹೊಲಗಳ ಅಂಚಿನಲ್ಲಿ ಸಾಲಾಗಿ ಮಲಗಿದ್ದವು. ಈಗಿನ ರಸ್ತೆ ನಾಲ್ಕು ಪಥಗಳದ್ದು. ಐಕ್ ಟರ್ನರ್‌ನ ತಂಡ ಬಂದ ಹಳೆಯ ರಸ್ತೆ ಕೆಲವೆಡೆ ಪಕ್ಕದಲ್ಲಿ ಕಿರಿದಾಗಿ ಕಾಣಿಸಿಕೊಂಡು ಮತ್ತೆ ಮರೆಯಾಗುತ್ತದೆ. 1951ರಲ್ಲಿ ಆ ಹುಡುಗರು ದಾರಿಯಲ್ಲಿ ಬಿಳಿಯರ ಹೋಟೆಲಿಗೆ ಹೋಗಿ ಕೂತು ಉಣ್ಣುವಂತಿರಲಿಲ್ಲ, ಬಿಳಿಯರ ವಸತಿಗೃಹದಲ್ಲಿ ತಂಗುವಂತಿರಲಿಲ್ಲ. ಅದೇ ರಸ್ತೆಯಲ್ಲಿ 1937ರ ಸೆಪ್ಟೆಂಬರಿನಲ್ಲಿ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕಾರು ಅಪಘಾತಕ್ಕೀಡಾಗಿ, ಕ್ಲಾರ್ಕ್ಸ್‌ಡೇಲಿನಲ್ಲಿ ಕಪ್ಪು ಜನರಿಗಾಗಿಯೇ ಇದ್ದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮುಂದೆ ಆ ಆಸ್ಪತ್ರೆಯ ಕಟ್ಟಡವೇ ರಿವರ್‌ಸೈಡ್ ಹೋಟೆಲ್ ಆಯಿತು. ದಾರಿಯಲ್ಲಿ ಹೋಗುವ ಕಪ್ಪು ಸಂಗೀತಗಾರರಿಗೆಲ್ಲ ಅದೇ ತಂಗುದಾಣ. ತರುಣ ಐಕ್ ಟರ್ನರ್ ಅಲ್ಲಿ ವಾಸವಾಗಿದ್ದ, ‘ರಾಕೆಟ್ 88’ರ ಅಭ್ಯಾಸ ಅಲ್ಲಿ ನಡೆಯಿತೆಂದು ಊರಿನವರು ಹೇಳುತ್ತಾರೆ.

ಈ ಪ್ರಯಾಣದ ಉದ್ದಕ್ಕೂ ನಾವಿಬ್ಬರೂ ಮಾತಾಡಿದ್ದು ಹಾಡಿನ ಮುಂದಿನ ಕಥೆಯನ್ನೇ. ಫಿಲಿಪ್ಸ್‌ಗೆ ಆಗ ಸ್ವಂತ ರೆಕಾರ್ಡ್ ಕಂಪನಿ ಇರಲಿಲ್ಲ. ಆತ ಮುದ್ರಣವನ್ನು ಶಿಕಾಗೊದ ಚೆಸ್ ಕಂಪನಿಗೆ ಕೊಟ್ಟ. ಅದು ಹೊರತಂದ ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾದದ್ದು ‘ಜಾಕಿ ಬ್ರೆನ್‌ಸ್ಟನ್ ಅಂಡ್ ಹಿಸ್ ಡೆಲ್ಟಾ ಕ್ಯಾಟ್ಸ್’ ಎಂಬ ಹೆಸರು. ಹಾಗೆಂಬ ತಂಡ ಇರಲೇ ಇಲ್ಲ. ಇದ್ದದ್ದು ಐಕ್ ಟರ್ನರ್ ಕಟ್ಟಿದ ‘ಕಿಂಗ್ಸ್ ಆಫ್ ರಿದಮ್’. ಬ್ರೆನ್‌ಸ್ಟನ್ ಆ ತಂಡದ ಸ್ಯಾಕ್ಸೊಫೋನ್ ವಾದಕರಲ್ಲಿ ಒಬ್ಬ, ಆ ದಿನ ಈ ಹಾಡನ್ನು ಹಾಡಿದವನು. 1951ರ ಜೂನ್ ತಿಂಗಳಲ್ಲಿ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಂಡದವರಿಗೆ ತಲೆಗೆ 20 ಡಾಲರ್ ಸಿಕ್ಕಿತೆಂದು ಟರ್ನರ್ ಹೇಳುತ್ತಿದ್ದ. ಬ್ರೆನ್‌ಸ್ಟನ್ ಹಾಡಿನ ಹಕ್ಕನ್ನು 910 ಡಾಲರಿಗೆ ಫಿಲಿಪ್ಸ್‌ಗೆ ಮಾರಿದ. ಫಿಲಿಪ್ಸ್ ಈ ಯಶಸ್ಸಿನ ಧೈರ್ಯದಿಂದ ಅದೇ ವರ್ಷ ರೇಡಿಯೊ ಕೆಲಸ ಬಿಟ್ಟು, 1952ರಲ್ಲಿ ಸನ್ ರೆಕಾರ್ಡ್ಸ್ ಕಂಪನಿಯನ್ನು ಆರಂಭಿಸಿದ. ಎಲ್ವಿಸ್ ಬಂದದ್ದು ಆ ಬಾಗಿಲಿಗೆ. 1955ರಲ್ಲಿ ಎಲ್ವಿಸ್‌ನ ಒಪ್ಪಂದವನ್ನು ಫಿಲಿಪ್ಸ್ ಆರ್‌ಸಿಎ ಕಂಪನಿಗೆ ಬಿಟ್ಟುಕೊಟ್ಟಾಗ ಬಂದ ಹಣ 35,000 ಡಾಲರ್. ಈ ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ನನಗೆ ಸಂಕಟವಾಗುತ್ತದೆ. ಫಿಲಿಪ್ಸ್‌ನ ಕಿವಿಯ ಬಗ್ಗೆ ನನಗಿರುವ ಗೌರವ ಅದರಿಂದ ಕಡಿಮೆಯಾಗುವುದಿಲ್ಲ, ಆದರೆ ಅಂದು ನುಡಿಸಿದವರ ಪಾಲು ಎಷ್ಟು ಚಿಕ್ಕದಾಗಿತ್ತು ಎಂಬುದನ್ನು ಹೇಳದೆ ಆತನನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ಹಾಡು ಹೋದ ದಾರಿಗಳು ಹಲವು. ಪೆನ್ಸಿಲ್ವೇನಿಯಾದಲ್ಲಿ ಕೌಬಾಯ್ ಟೋಪಿ ಹಾಕಿಕೊಂಡು ಹಳ್ಳಿಗಾಡಿನ ಸಂಗೀತ ನುಡಿಸುತ್ತಿದ್ದ ಬಿಲ್ ಹೇಲಿ ಎಂಬ ಬಿಳಿಯ ಗಾಯಕ ಅದೇ 1951ರಲ್ಲಿ ತನ್ನ ‘ಸ್ಯಾಡಲ್‌ಮೆನ್’ ತಂಡದೊಂದಿಗೆ ‘ರಾಕೆಟ್ 88’ ಹಾಡಿದ. ಆತನ ಬದುಕು ಅಲ್ಲಿಂದ ದಿಕ್ಕು ಬದಲಿಸಿತು. 1954ರಲ್ಲಿ ಆತ ಹಾಡಿದ ‘ರಾಕ್ ಅರೌಂಡ್ ದ ಕ್ಲಾಕ್’ ಮರುವರ್ಷ ಒಂದು ಸಿನಿಮಾದ ಮೂಲಕ ಜಗತ್ತನ್ನೇ ಸುತ್ತಿತು. ಲಿಟಲ್ ರಿಚರ್ಡ್ ತನ್ನ ‘ಗುಡ್ ಗಾಲಿ ಮಿಸ್ ಮಾಲಿ’ಯ ಆರಂಭದ ಪಿಯಾನೊ ತುಣುಕನ್ನು ಟರ್ನರ್‌ನಿಂದ ಎತ್ತಿಕೊಂಡದ್ದನ್ನು ಸ್ವತಃ ಹೇಳಿದ್ದಾನೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕಾರಿನಲ್ಲಿ ಮಗಳಿಗೆ ಕೇಳಿಸಿದಾಗ ಆಕೆ ಎರಡನೆಯದರ ಮೊದಲ ನಾಲ್ಕು ಸ್ವರಕ್ಕೇ ನಕ್ಕುಬಿಟ್ಟಳು.

ಆದರೆ ಕೈಜಾರ್ಟನ ಸದ್ದು ಹೋದ ದಾರಿಯೇ ನನಗೆ ಎಲ್ಲಕ್ಕಿಂತ ಪ್ರಿಯ. ಒಡೆದ ಸದ್ದಿನ ಗಿಟಾರ್ ಅದಕ್ಕೂ ಮೊದಲು ಇರಲಿಲ್ಲ ಎಂದಲ್ಲ. ಹ್ಯೂಸ್ಟನ್ನಿನ ಗೋರಿ ಕಾರ್ಟರ್ 1949ರಲ್ಲೇ ತನ್ನ ಗಿಟಾರನ್ನು ಆಂಪ್ಲಿಫೈಯರಿನ ತಾಕತ್ತು ಮೀರಿ ನುಡಿಸಿ ಒರಟಾಗಿಸಿದ್ದ. ಆದರೂ ಒಡೆದ ಸದ್ದೇ ಹಾಡಿನ ಬೆನ್ನೆಲುಬಾಗಿ, ಪಟ್ಟಿಯ ತುದಿಗೇರಿ, ದೇಶದ ಜೂಕ್‌ಬಾಕ್ಸುಗಳಲ್ಲೆಲ್ಲ ಮೊಳಗಿದ್ದು ಈ ಹಾಡಿನಲ್ಲಿ. 1956ರಲ್ಲಿ ಮೆಂಫಿಸ್‌ನವನೇ ಆದ ಪಾಲ್ ಬರ್ಲಿಸನ್ ಆಂಪ್ಲಿಫೈಯರಿನ ವಾಲ್ವ್ ಸಡಿಲಗೊಂಡಾಗ ಬಂದ ಸದ್ದನ್ನು ಇಷ್ಟಪಟ್ಟು, ಆಮೇಲೆ ಬೇಕೆಂದೇ ಸಡಿಲಿಸಿಕೊಂಡು ನುಡಿಸುತ್ತಿದ್ದ. ಲಿಂಕ್ ರೇ 1958ರಲ್ಲಿ ಸ್ಪೀಕರಿಗೆ ತಾನೇ ಪೆನ್ಸಿಲಿನಿಂದ ತೂತು ಚುಚ್ಚಿದ. 1961ರ ಸುಮಾರಿಗೆ ನ್ಯಾಶ್‌ವಿಲ್ಲಿನ ಒಂದು ಸ್ಟುಡಿಯೊದಲ್ಲಿ ಕೆಟ್ಟುಹೋದ ಉಪಕರಣವೊಂದರ ಮೂಲಕ ಗ್ರೇಡಿ ಮಾರ್ಟಿನ್‌ನ ವಾದ್ಯ ಗೊರಗೊರ ಎಂದು ಮುದ್ರಣವಾಯಿತು. ಆ ಕೆಡುಕನ್ನೇ ಟ್ರಾನ್ಸಿಸ್ಟರುಗಳಿಂದ ಅನುಕರಿಸಿ ಮಾಡಿದ ‘ಫಝ್-ಟೋನ್’ ಎಂಬ ಕಾಲಿನಿಂದ ಒತ್ತುವ ಪೆಟ್ಟಿಗೆ 1962ರಲ್ಲಿ ಅಂಗಡಿಗೆ ಬಂದಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಚಿಕ್ಕ ಆಂಪ್ಲಿಫೈಯರಿನ ಕೋನನ್ನು ಬ್ಲೇಡಿನಿಂದ ಸೀಳಿ ನುಡಿಸಿದ್ದು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇವರೆಲ್ಲ ಕೈಜಾರ್ಟನನ್ನು ಕೇಳಿಯೇ ಹೀಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಟ್ಟ ಯಂತ್ರದಿಂದಲೇ ಕಲಿತರು. ಆದರೆ ಕೆಟ್ಟ ಯಂತ್ರದ ಸದ್ದನ್ನು ಕೇಳುಗರು ಕಾಸು ಕೊಟ್ಟು ಕೇಳುತ್ತಾರೆ ಎಂಬುದು ಇಡೀ ದೇಶಕ್ಕೆ ಗೊತ್ತಾದ ಕ್ಷಣಗಳಲ್ಲಿ 1951ರದು ತೀರ ಮುಂಚಿನದು. ನನ್ನ ಅಂಗಡಿಗೆ ಈಗಲೂ ಹುಡುಗರು ಇಂಥ ಪೆಟ್ಟಿಗೆಗಳನ್ನು ರಿಪೇರಿಗೆ ತರುತ್ತಾರೆ. ಸದ್ದು ಕೆಡಿಸುವ ಯಂತ್ರ ಸರಿಯಾಗಿ ಕೆಡಿಸುತ್ತಿಲ್ಲ, ಸರಿಮಾಡಿಕೊಡಿ ಎನ್ನುತ್ತಾರೆ. ಅವರು ಕೇಳುತ್ತಿರುವುದು ಏನೆಂದು ಆ ಶನಿವಾರದ ನಂತರ ನನಗೆ ಇನ್ನೂ ಚೆನ್ನಾಗಿ ತಿಳಿಯುತ್ತಿದೆ.

ಕ್ಲಾರ್ಕ್ಸ್‌ಡೇಲ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಹಳೆಯ ರೈಲ್ವೆ ಗೂಡ್ಸ್ ಕಟ್ಟಡದಲ್ಲಿರುವ ಡೆಲ್ಟಾ ಬ್ಲೂಸ್ ಮ್ಯೂಸಿಯಂಗೆ ಹೋಗಿ, ಸ್ಟೋವಾಲ್ ತೋಟದಿಂದ ತಂದಿಟ್ಟಿರುವ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಮರದ ಮನೆಯನ್ನು ನೋಡಿದೆವು. ಅಲ್ಲಿಂದ ಪೇಟೆಯೊಳಗೆ ನಡೆದು ಅಲ್ಕಝಾರ್ ಹೋಟೆಲಿನ ದೊಡ್ಡ ಕಟ್ಟಡದ ಮುಂದೆ ನಿಂತೆವು. ಹುಡುಗನಾಗಿದ್ದಾಗ ಐಕ್ ಟರ್ನರ್ ಇಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡುತ್ತ, ಮೇಲಿನ ಮಹಡಿಯಲ್ಲಿದ್ದ ಡಬ್ಲ್ಯೂಆರ್‌ಒಎಕ್ಸ್ ರೇಡಿಯೊ ಕೇಂದ್ರದ ಗಾಜಿನಾಚೆ ಇಣುಕಿ ನೋಡುತ್ತ, ಕೊನೆಗೆ ಅಲ್ಲಿಯೇ ತಟ್ಟೆ ಹಾಕುವ ಕೆಲಸ ಕಲಿತ. ಪಿಯಾನೊ ಕಲಿಸಿದವನು ಪೈನ್‌ಟಾಪ್ ಪರ್ಕಿನ್ಸ್. ಸನ್‌ಫ್ಲವರ್ ನದಿಯ ದಂಡೆಯ ರಿವರ್‌ಸೈಡ್ ಹೋಟೆಲನ್ನು ಹೊರಗಿನಿಂದ ಮಾತ್ರ ನೋಡಿದೆವು. ಮುಂದೆ ಮಿಸಿಸಿಪಿ ಬ್ಲೂಸ್ ಟ್ರೇಲ್‌ನ ನೀಲಿ ಫಲಕವಿದೆ. ಮಗಳು ಅದನ್ನು ಎರಡೂ ಬದಿ ಓದಿ ಬಂದು, “ಅಪ್ಪಾ, ಈ ಐಕ್ ಟರ್ನರ್ ಟೀನಾ ಟರ್ನರ್‌ಗೆ ಹೊಡೆಯುತ್ತಿದ್ದವನೇ ಅಲ್ಲವಾ? ಅವನಿಗೆ ಅನ್ಯಾಯವಾಯಿತು ಅಂತ ನೀನು ದಾರಿಯಿಡೀ ಹೇಳಿದ್ದು ನನಗೆ ಒಪ್ಪಿಗೆ ಆಗಲಿಲ್ಲ,” ಎಂದಳು.

ಆಕೆಯ ಮಾತು ಸರಿಯಾದದ್ದು. ಐಕ್‌ನ ಹೆಂಡತಿಯಾಗಿದ್ದ ಗಾಯಕಿ ಟೀನಾ ಆ ಮದುವೆಯಲ್ಲಿ ಅನುಭವಿಸಿದ ಹಿಂಸೆಯನ್ನು ಜಗತ್ತಿಗೆ ಸ್ವತಃ ಹೇಳಿದ್ದಾಳೆ, 1976ರಲ್ಲಿ ಆತನನ್ನು ಬಿಟ್ಟು ಹೊರನಡೆದು ತನ್ನ ಹೆಸರನ್ನು ತಾನೇ ಕಟ್ಟಿಕೊಂಡಿದ್ದಾಳೆ. ಅದನ್ನು ಬದಿಗಿಟ್ಟು ಐಕ್ ಟರ್ನರ್‌ನ ಬಗ್ಗೆ ಕನಿಕರದಿಂದ ಮಾತ್ರ ಬರೆಯುವುದು ನನ್ನಿಂದ ಆಗದು. ತಟ್ಟೆಯ ಮೇಲಿನ ಹೆಸರು ಕೈತಪ್ಪಿದ ಕಹಿಯನ್ನು ಆತ ಕೊನೆಯವರೆಗೂ ಹೊತ್ತಿದ್ದ. ಅದೂ ನಿಜ, ಇದೂ ನಿಜ. ಬ್ರೆನ್‌ಸ್ಟನ್‌ನ ಕಥೆ ಇನ್ನೂ ಬೇರೆ. ಹೆಸರು ಸಿಕ್ಕಿದ್ದು ಆತನಿಗೆ, ಆದರೆ ಆ ಹೆಸರಿನಿಂದ ಬದುಕು ಕಟ್ಟಲಾಗಲಿಲ್ಲ. ಸ್ವಂತ ತಂಡ ಮಾಡಿಕೊಂಡು ಹಾಡಿದ ಮುಂದಿನ ಹಾಡುಗಳು ಓಡಲಿಲ್ಲ, ಮತ್ತೆ ಟರ್ನರ್‌ನ ತಂಡಕ್ಕೇ ಮರಳಿ ಹಿಂದಿನ ಸಾಲಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದ, ಕುಡಿತಕ್ಕೆ ಬಿದ್ದು 1979ರಲ್ಲಿ ಮೆಂಫಿಸ್‌ನಲ್ಲಿ ತೀರಿಕೊಂಡ. ಕೈಜಾರ್ಟ್ ಅಂದಿನ ಆ ಸದ್ದಿಗಾಗಿ ಖ್ಯಾತನಾದದ್ದೂ ಇಲ್ಲ, ಶ್ರೀಮಂತನಾದದ್ದೂ ಇಲ್ಲ.

ಇದು ಮೊದಲ ರಾಕ್ ಅಂಡ್ ರೋಲ್ ಹಾಡು ಹೌದೇ ಎಂಬ ಪ್ರಶ್ನೆಗೆ ಟರ್ನರ್ ಒಳ್ಳೆಯ ಉತ್ತರ ಕೊಟ್ಟಿದ್ದ. ಇದು ರಿದಮ್ ಅಂಡ್ ಬ್ಲೂಸ್ ಹಾಡೇ, ಆದರೆ ರಾಕ್ ಅಂಡ್ ರೋಲ್ ಹುಟ್ಟಲು ಇದು ಕಾರಣವಾಯಿತು ಎನ್ನುವ ಅರ್ಥದಲ್ಲಿ ಆತ ಮಾತಾಡಿದ್ದ. ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡೊಮಿನೊ 1949ರ ಡಿಸೆಂಬರಿನಲ್ಲಿ ಮುದ್ರಿಸಿದ ‘ದ ಫ್ಯಾಟ್ ಮ್ಯಾನ್’ ಇದೆ, ಅದಕ್ಕೂ ಮೊದಲು ಗಿಟಾರ್ ಹಿಡಿದು ಚರ್ಚಿನ ಹಾಡನ್ನು ಕುಣಿಸಿದ ಸಿಸ್ಟರ್ ರೊಸೆಟಾ ಥಾರ್ಪ್ ಇದ್ದಾಳೆ. ಒಂದು ಸಂಗೀತ ಒಂದೇ ಕೋಣೆಯಲ್ಲಿ, ಒಂದೇ ದಿನ ಹುಟ್ಟುವುದಿಲ್ಲವಾದ್ದರಿಂದ ಮೊದಲನೆಯದು ಯಾವುದೆಂಬ ಪೈಪೋಟಿಯಲ್ಲಿ ನನಗೆ ಆಸಕ್ತಿಯಿಲ್ಲ. ನನಗೆ ಮುಖ್ಯವಾದದ್ದು ಆ ಒಂದು ಕೋಣೆಯಲ್ಲಿ ಆ ಒಂದು ದಿನ ಯಾರು ಯಾರು ಇದ್ದರು, ಯಾರು ಏನು ಮಾಡಿದರು ಎಂಬುದು.

2018ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮೊದಲ ಬಾರಿಗೆ ಬಿಡಿ ಹಾಡುಗಳನ್ನು ಗೌರವಿಸಿದಾಗ ಆ ಮೊದಲ ಪಟ್ಟಿಯಲ್ಲಿ ‘ರಾಕೆಟ್ 88’ ಇತ್ತು. ಹಾಡಿನ ಜೊತೆಗೆ ಬರೆದ ಹೆಸರು ಅಲ್ಲಿಯೂ ಬ್ರೆನ್‌ಸ್ಟನ್ ಮತ್ತು ಡೆಲ್ಟಾ ಕ್ಯಾಟ್ಸ್‌ನದೇ. ಫೋನಿನಲ್ಲಿ ಹಾಡು ಕೇಳಿಸುವ ಆ್ಯಪ್‌ಗಳಲ್ಲೂ ಒಮ್ಮೆ ಆ ಹೆಸರು, ಇನ್ನೊಮ್ಮೆ ಐಕ್ ಟರ್ನರ್ ಎಂದು ತೋರಿಸುತ್ತದೆ. ಹಿಂದಿರುಗುವ ದಾರಿಯಲ್ಲಿ ಪೆಟ್ರೋಲ್ ಬಂಕಿನ ಬಳಿ ಕಾರು ನಿಲ್ಲಿಸಿದಾಗ ಮಗಳು ತನ್ನ ಫೋನಿನಲ್ಲಿ ಆ ಹಾಡಿನ ಹೆಸರಿನ ಕೆಳಗೆ ಬರೆದುಕೊಳ್ಳಲು ಪೂರ್ತಿ ವಿವರ ಹೇಳು ಎಂದಳು. ನಾನು ಹೇಳಿದೆ: ತಂಡ, ಐಕ್ ಟರ್ನರ್‌ನ ಕಿಂಗ್ಸ್ ಆಫ್ ರಿದಮ್. ಹಾಡಿದ್ದು ಮತ್ತು ಸ್ಯಾಕ್ಸೊಫೋನ್, ಜಾಕಿ ಬ್ರೆನ್‌ಸ್ಟನ್. ಪಿಯಾನೊ, ಐಕ್ ಟರ್ನರ್. ನಡುವೆ ಬರುವ ದೊಡ್ಡ ಸ್ಯಾಕ್ಸೊಫೋನ್ ವಾದನ, ರೇಮಂಡ್ ಹಿಲ್. ಡ್ರಮ್ಸ್, ವಿಲ್ಲಿ ಸಿಮ್ಸ್. ಹರಿದ ಸ್ಪೀಕರಿನಲ್ಲಿ ಗಿಟಾರ್, ವಿಲ್ಲಿ ಕೈಜಾರ್ಟ್. ಕಾಗದ ತುರುಕಿ ಮುದ್ರಿಸಿದ್ದು, ಸ್ಯಾಮ್ ಫಿಲಿಪ್ಸ್.